ಎಂಟನೆಯ ಕಾಗದ

ಆ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪಿರಿಯಡ್ಡು ಸಂಘಗಳದ್ದು. ಗಂಟೆ ಹೊಡೆದ ಐದು ನಿಮಿಷದಲ್ಲಿ ನಾನೂರು ಹುಡುಗಿಯರು ಹದಿನಾಲ್ಕು ಕೋಣೆಗಳಿಗೆ ಹಂಚಿಹೋಗುತ್ತಿದ್ದರು. ಗಾಯನ ಸಂಘ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿಗೆ, ನಾಟಕ ಸಂಘ ದೊಡ್ಡ ಸಭಾಂಗಣಕ್ಕೆ, ಚರ್ಚಾ ಸಂಘ ಲೈಬ್ರರಿಗೆ. ಪ್ರಥಮ ಚಿಕಿತ್ಸೆಯವರು ಬ್ಯಾಂಡೇಜು ಸುತ್ತಲು ಯಾವಳಾದರೂ ಬಡಪಾಯಿ ಸಿಕ್ಕಾಳೇ ಎಂದು ಮೈದಾನಕ್ಕೆ. ಕಾಗದ ಸಂಘಕ್ಕೆ ಗೊತ್ತುಮಾಡಿದ್ದು ಮೆಟ್ಟಿಲ ಕೆಳಗಿನ ಕೋಣೆ. ಅದರಲ್ಲಿ ಸುರುಳಿ ಸುತ್ತಿಟ್ಟ ಹಳೆಯ ಭೂಪಟಗಳು, ರೆಕ್ಕೆ ಮುರಿದ ಪ್ಲಾಸ್ಟರಿನ ದೇವದೂತ, ಒಂದು ಉದ್ದನೆಯ ಮೇಜು, ಎಂಟು ಕುರ್ಚಿ. ಕುರ್ಚಿ ಎಂಟಿದ್ದರೂ ಬರುತ್ತಿದ್ದವಳು ಒಬ್ಬಳೇ.

ಆ ಒಬ್ಬಳಿಗೆ ಶಾಲೆ ಇಟ್ಟ ಹೆಸರು ಬಾಲಂಗೋಚಿ. ಆರನೇ ಕ್ಲಾಸಿನಿಂದಲೂ ಯಾವುದಾದರೊಂದು ಗುಂಪಿನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆಯುವುದು ಅವಳ ಅಭ್ಯಾಸ. ಗುಂಪು ನಿಂತರೆ ನಿಲ್ಲುವಳು, ನಕ್ಕರೆ ನಗುವಳು, ಯಾಕೆ ನಕ್ಕರೆಂದು ಕೇಳಿಸದಿದ್ದರೂ. ಯಾರೂ ಅವಳನ್ನು ಬೈದು ಓಡಿಸಿದವರಲ್ಲ. ಓಡಿಸುವಷ್ಟು ಗಮನ ಕೊಟ್ಟವರೂ ಇರಲಿಲ್ಲ. ಈಗ ಅವಳು ಹತ್ತನೇ ಕ್ಲಾಸಿಗೆ ಬಂದಿದ್ದಳು, ಮತ್ತು ಎದೆಯ ಮೇಲೆ ನೀಲಿ ಬಿಲ್ಲೆ ಚುಚ್ಚಿಕೊಂಡು ಕಾಗದ ಸಂಘದ ಅಧ್ಯಕ್ಷೆಯಾಗಿದ್ದಳು.

ಅಧ್ಯಕ್ಷೆಯಾದದ್ದು ಹೇಗೆಂದರೆ, ಹಾಳೂರಿಗೆ ಉಳಿದವನೇ ಗೌಡ ಎಂಬ ಹಾಗೆ. ಹಿಂದಿನ ವರ್ಷ ಸಂಘದಲ್ಲಿ ಎಂಟು ಜನ ಇದ್ದರು. ಐವರು ಶಾಲೆ ಮುಗಿಸಿ ಹೋದರು. ಮತ್ತಿಬ್ಬರು, ಈ ಸಲ ನಾಟಕದಲ್ಲಿ ರಾಣಿಯರ ಪಾತ್ರ ಹೆಚ್ಚು, ಜರಿಯ ಅಂಗಿ ಕೊಡುತ್ತಾರೆ ಎಂದು ತಿಳಿದ ಮೇಲೆ ಅತ್ತ ಜಿಗಿದರು. ಹೋಗುವಾಗ ಹಳೆಯ ಅಧ್ಯಕ್ಷೆ ಬಿಲ್ಲೆಯನ್ನು ಇವಳ ಕೈಗೆ ಹಾಕಿ, ಬೆನ್ನು ತಟ್ಟಿ, ಇನ್ನು ನೀನುಂಟು ನಿನ್ನ ಅಜ್ಜಿಯರುಂಟು ಎಂದಿದ್ದಳು.

ಅಜ್ಜಿಯರೆಂದರೆ ಊರಿನ ಇನ್ನೊಂದು ತುದಿಯಲ್ಲಿ, ಈ ಶಾಲೆಯ ಸಿಸ್ಟರುಗಳೇ ನಡೆಸುವ ವೃದ್ಧಾಶ್ರಮದ ಹೆಂಗಸರು. ಸಂಘದ ಕೆಲಸ ಇಷ್ಟೇ: ಒಬ್ಬ ಹುಡುಗಿಗೆ ಒಬ್ಬ ಅಜ್ಜಿ, ವಾರಕ್ಕೊಂದು ಕಾಗದ. ಶುಕ್ರವಾರ ಶಾಲೆಯ ವ್ಯಾನಿನ ಡ್ರೈವರು ಬಟ್ಟೆಯ ಚೀಲದಲ್ಲಿ ಎಂಟು ಕಾಗದ ಒಯ್ಯುತ್ತಿದ್ದ, ಬುಧವಾರ ಎಂಟು ಉತ್ತರ ತರುತ್ತಿದ್ದ. ಎರಡೂ ಕಡೆ ನಿಜವಾದ ಹೆಸರು ಬರೆಯುವಂತಿಲ್ಲ, ಅಡ್ಡಹೆಸರು ಮಾತ್ರ. ವರ್ಷವಿಡೀ ಭೇಟಿಯೂ ಇಲ್ಲ. ವರ್ಷದ ಕೊನೆಯ ಶುಕ್ರವಾರ ಅಜ್ಜಿಯರನ್ನು ಶಾಲೆಗೆ ಕರೆಸುತ್ತಾರೆ; ಮಾತಾಡಿಸಿ, ಮುಖ ನೋಡಿ, ತನಗೆ ಬರೆಯುತ್ತಿದ್ದವಳು ಯಾರೆಂದು ಅಜ್ಜಿಯೇ ಕಂಡುಹಿಡಿಯಬೇಕು. ಅದಕ್ಕೆ ಗುರುತಿನ ದಿನ ಎಂದು ಹೆಸರು. ಯಾವ ಕಾಲದ ಮದರ್ ಈ ಆಟ ಕಟ್ಟಿದರೋ, ಪುಣ್ಯಾತ್ಗಿತ್ತಿಗೆ ಆಟ ಗೊತ್ತಿತ್ತು.

ಸಂಘಗಳನ್ನೆಲ್ಲ ನೋಡಿಕೊಳ್ಳುವವರು ಸೀಟಿ ಸಿಸ್ಟರ್. ಕೊರಳಲ್ಲಿ ಶಿಲುಬೆಯ ಪಕ್ಕದಲ್ಲೇ ಒಂದು ಸೀಟಿ ತೂಗುತ್ತಿತ್ತು, ಎರಡನ್ನೂ ಅವರು ಅಷ್ಟೇ ಭಕ್ತಿಯಿಂದ ಬಳಸುತ್ತಿದ್ದರು. ನಾಯಕಿ ಅಂದ್ರೆ ಹಿಂದೆ ತಿರುಗಿ ನೋಡಿದಾಗ ಯಾರಾದ್ರೂ ಇರಬೇಕು ಎಂಬುದು ಅವರು ಪ್ರತಿ ಸಭೆಯಲ್ಲೂ ಹೇಳುವ ಮಾತು. ಎಂಟು ಸದಸ್ಯೆಯರಿಲ್ಲದ ಸಂಘಕ್ಕೆ ಬೀಗ ಎಂಬುದು ಅವರ ಕಾನೂನು. ವರ್ಷದ ಆರಂಭದಲ್ಲಿ ಎಂಟು ಸಹಿ ಇರುವ ಹಾಳೆಯನ್ನು ಅವರ ಮೇಜಿನ ಮೇಲೆ ಇಡಬೇಕಿತ್ತು.

ಬಾಲಂಗೋಚಿ ನಾಟಕ ಸಂಘದ ಏಳು ಹುಡುಗಿಯರನ್ನು ಹಿಡಿದಳು. ಬರುವುದು ಬೇಡ, ಬರೆಯುವುದು ಬೇಡ, ಸಹಿ ಮಾಡಿದರೆ ಸಾಕು. ಬದಲಿಗೆ ಅವರೇಳು ಜನರ ಪಾಲಿಗೆ ಬರುವ ಬೋರ್ಡು ಒರೆಸುವ, ಚಾಪೆಲ್ಲಿನ ಬೆಂಚು ಒರೆಸುವ ಸರದಿಯನ್ನೆಲ್ಲ ವರ್ಷಪೂರ್ತಿ ತಾನು ಮಾಡುತ್ತೇನೆಂದಳು. ನಾಟಕದ ರಾಣಿ ಹಾಳೆಯನ್ನು ಓದದೆಯೇ ಸಹಿ ಹಾಕಿ, ನಿಂಗೇನ್ ಹುಚ್ಚೇನೇ ಎಂದು ಪ್ರೀತಿಯಿಂದಲೇ ಕೇಳಿದಳು. ಹುಚ್ಚಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಸಂಘದ ಅಧ್ಯಕ್ಷೆಯರು ಚಾಪೆಲ್ಲಿನ ಮೆಟ್ಟಿಲ ಮೇಲೆ ಎಡಗಡೆ ಸಾಲಾಗಿ ನಿಲ್ಲಬೇಕು. ನಾಲ್ಕು ವರ್ಷ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿದವಳಿಗೆ ಆ ಮೆಟ್ಟಿಲಲ್ಲಿ ಹದಿನಾಲ್ಕನೆಯ ಜಾಗ ಖಾಯಂ ಆಗಿತ್ತು. ಮೊದಮೊದಲು ಅವಳಿಗೆ ಬೇಕಾಗಿದ್ದುದು ಅಷ್ಟೇ. ಅಜ್ಜಿಯರ ಮೇಲೆ ಕರುಣೆ ಉಕ್ಕಿ ಹರಿದು ಮಾಡಿದ್ದೇನಲ್ಲ.

ಆದರೆ ಸಹಿ ಎಂಟಾದ ಮೇಲೆ ಕಾಗದವೂ ಎಂಟು ಹೋಗಬೇಕಲ್ಲ. ಕೈಬರಹ ಬದಲಿಸುವುದು ಅವಳಿಗೆ ಕಷ್ಟವಲ್ಲ. ಅಮ್ಮ ದೊಡ್ಡಾಸ್ಪತ್ರೆಯಲ್ಲಿ ನರ್ಸು, ಅಪ್ಪ ರೈಲಿನ ಗಾರ್ಡು. ಒಬ್ಬರು ಬರುವಾಗ ಇನ್ನೊಬ್ಬರು ಹೊರಟಿರುತ್ತಿದ್ದರು, ಇವಳು ನಡುವೆ ಮನೆಯ ಬೀಗದ ಕೈಯಂತೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಕೆಳಗೆ ಚೀಟಿ. ‘ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೋ.’ ಕೆಳಗೆ ಇವಳ ಉತ್ತರ: ‘ಊಟ ಆಯ್ತು. ಎಲ್ಲ ಸರಿಯಿದೆ.’ ಮಾರ್ಕ್ಸ್‌ ಕಾರ್ಡಿಗೆ ಅಮ್ಮನ ಸಹಿಯನ್ನು ಅಮ್ಮನ ಒಪ್ಪಿಗೆಯಿಂದಲೇ ಇವಳು ಹಾಕುತ್ತಿದ್ದಳು. ಅಪ್ಪನ ಸಹಿಯೂ ಬರುತ್ತಿತ್ತು.

ಹೀಗೆ ಏಳು ಹುಡುಗಿಯರು ಹುಟ್ಟಿದರು. ಹಸಿರು ಶಾಯಿಯ ಗುಬ್ಬಿಗೆ ಓಟದ ಹುಚ್ಚು. ಉರುಟು ಅಕ್ಷರದ ಮಿಂಚು ಐದು ಅಕ್ಕಂದಿರ ತಂಗಿ, ಮನೆಯಲ್ಲಿ ಬಾಚಣಿಗೆಗೆ ದಿನಾ ಜಗಳ. ಅಳಿಲಿಗೆ ಗಣಿತವೆಂದರೆ ಜ್ವರ. ಒಬ್ಬೊಬ್ಬಳಿಗೂ ಗೆಳತಿಯರು, ಪಿಕ್ನಿಕ್ಕು, ಕೋಪ, ರಾಜಿ. ತನಗಿಲ್ಲದ್ದನ್ನೆಲ್ಲ ಅವಳು ಅವರಿಗೆ ಧಾರಾಳವಾಗಿ ಹಂಚಿದಳು. ಒಮ್ಮೆ ಮಾತ್ರ ಎಡವಿದಳು: ಗುಬ್ಬಿಯ ಕಾಲು ಮುರಿದು ಪ್ಲಾಸ್ಟರು ಹಾಕಿಸಿದವಳು, ಅದನ್ನು ಮರೆತು ಮರುವಾರವೇ ಅವಳನ್ನು ಇನ್ನೂರು ಮೀಟರ್ ಓಡಿಸಿ ಎರಡನೆಯ ಬಹುಮಾನ ಕೊಡಿಸಿಬಿಟ್ಟಳು. ಗುಬ್ಬಿಗೆ ಗೊತ್ತುಮಾಡಿದ್ದ ಅಜ್ಜಿಯ ಅಡ್ಡಹೆಸರು ಟ್ರಂಕ್ ಕಾಲ್, ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದವಳು. ‘ನಿನ್ನ ಮೂಳೆಗೆ ಯಾವ ಗೋಂದು ಹಚ್ಚಿದರು ಮಗಳೇ, ನನಗೂ ಸ್ವಲ್ಪ ಕಳಿಸು, ಮೊಣಕಾಲು ನೋಯ್ತಿದೆ’ ಎಂದಷ್ಟೇ ಅವಳು ಉತ್ತರ ಬರೆದಳು. ಅಂದಿನಿಂದ ಹುಡುಗಿ ಯಾರ ಹೆಸರಲ್ಲಿ ಏನು ಬರೆದೆನೆಂದು ಗುರುತು ಹಾಕಿಕೊಳ್ಳತೊಡಗಿದಳು.

ಮನಸ್ಸು ಚುಚ್ಚುತ್ತಲೂ ಇತ್ತು. ತಿಂಗಳ ಮೊದಲ ಶುಕ್ರವಾರದ ಪಾಪನಿವೇದನೆಯಲ್ಲಿ, ನಡೆಯದೇ ಇದ್ದುದನ್ನು ನಡೆದಿದೆ ಅಂತ ಬರೀತೀನಿ ಫಾದರ್ ಎಂದಳು. ಜಾಲರಿಯ ಆಚೆಯಿಂದ ಫಾದರ್, ಕಥೆ ಬರೆಯುವುದು ಪಾಪವಲ್ಲ, ಪಾಠ ಮಾತ್ರ ಕಡೆಗಣಿಸಬೇಡ ಎಂದು ಹೇಳಿ, ಇರಲಿ ಎಂದು ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯೆ ಜಪ ಕೊಟ್ಟರು. ಅವಳು ಐದು ಹೇಳಿದಳು.

ಎಂಟನೆಯ ಕಾಗದ ಅವಳದೇ. ತನ್ನದೇ ಅಕ್ಷರ, ಮಾಮೂಲಿ ನೀಲಿ ಶಾಯಿ, ಕೆಳಗೆ ಬಾಲಂಗೋಚಿ ಎಂದೇ ಹೆಸರು. ಏಳು ಜನರಿಗೆ ಬರೆದು ಬರೆದು ಸುಳ್ಳೆಲ್ಲ ಖರ್ಚಾಗಿರುತ್ತಿದ್ದುದರಿಂದ ಇದರಲ್ಲಿ ನಿಜ ಮಾತ್ರ ಉಳಿಯುತ್ತಿತ್ತು. ‘ಇವತ್ತು ನೀರಿನ ಟ್ಯಾಂಕಿನ ಹತ್ತಿರ ಮೆಟ್ಟಿಲ ಮೇಲೆ ಕೂತು ಡಬ್ಬಿ ತಿಂದೆ. ಬೆಕ್ಕು ಬಂದಿತ್ತು. ಬೇರೇನೂ ನಡೆಯಲಿಲ್ಲ.’ ಇದನ್ನು ಪಡೆಯುತ್ತಿದ್ದ ಅಜ್ಜಿಯ ಅಡ್ಡಹೆಸರು ಉಪ್ಪು. ಕಣ್ಣು ಮಂಜಾಗಿದ್ದುದರಿಂದ ಅವಳು ಹೇಳಿ ಬರೆಸುತ್ತಿದ್ದಳು; ಆಶ್ರಮದಲ್ಲಿ ಕೈ ನಡುಗುವವರಿಗೆ, ಅಕ್ಷರ ಬಾರದವರಿಗೆಲ್ಲ ಓದಿ ಬರೆದುಕೊಡುವವಳು ಟ್ರಂಕ್ ಕಾಲ್ ಅಜ್ಜಿಯೇ. ಆದರೆ ಕೊನೆಯಲ್ಲಿ ಮೂರು ಚುಕ್ಕೆಗಳನ್ನು ಮಾತ್ರ ಉಪ್ಪು ತನ್ನ ಕೈಯಾರೆ ಒತ್ತುತ್ತಿದ್ದಳು. ಮೂರು ಹರಳು ಉಪ್ಪು, ಅದೇ ಸಹಿ.

ಹೆಸರಿನ ಕಾರಣವನ್ನು ಮೊದಲ ಕಾಗದದಲ್ಲೇ ಹೇಳಿದ್ದಳು: ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಎರಡನೇದು ನಾನು ಕಂಡಿಲ್ಲ, ಮೊದಲನೇದನ್ನ ಡಾಕ್ಟರು ಬಿಡಿಸಿದಾರೆ.’ ನಾಲ್ಕು ಸಾಲು ದಾಟಿ ಬರೆಸಿದವಳಲ್ಲ, ಸಿಹಿ ಮಾತಂತೂ ಇಲ್ಲವೇ ಇಲ್ಲ. ತನಗೆ ಬಾಲಂಗೋಚಿ ಎಂದು ಯಾಕೆ ಕರೆಯುತ್ತಾರೆಂದು ಹುಡುಗಿ ಒಂದು ವಾರ ಉಸಿರು ಬಿಗಿಹಿಡಿದು ಬರೆದಳು. ಐದನೆಯ ಬುಧವಾರ ಉತ್ತರ ಬಂತು: ‘ಬಾಲಂಗೋಚಿ ಇಲ್ಲದ ಪಟ ಗಿರಕಿ ಹೊಡೆದು ಬೀಳುತ್ತೆ. ಅಷ್ಟೂ ಗೊತ್ತಿಲ್ವಾ.’ ಅದನ್ನು ಓದಿ ಅವಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ರೆಕ್ಕೆ ಮುರಿದ ದೇವದೂತನ ಎದುರು, ಬಾಯಿಗೆ ಸೆರಗಿಲ್ಲದ್ದಕ್ಕೆ ಟೈ ಒತ್ತಿಕೊಂಡು ಅತ್ತಳು. ಅಂದಿನಿಂದ ಬಿಲ್ಲೆಯ ಮೇಲಿದ್ದ ಆಸೆ ಬುಧವಾರದ ಮೇಲೆ ಹೋಯಿತು.

ವರ್ಷದ ನಡುವೆ ಉಪ್ಪು ಸ್ವಲ್ಪ ಕರಗಿದಳು. ನಾಲ್ಕು ಸಾಲು ಆರಾಯಿತು, ಎಂಟಾಯಿತು. ಬೆಕ್ಕಿಗೆ ಮರಿಯಾಯಿತೇ ಎಂದು ಕೇಳತೊಡಗಿದಳು. ತಲೆನೋವು ಎಂದು ಬರೆದರೆ ಮರುವಾರ ಹೇಗಿದೆ ಎಂಬ ವಿಚಾರಣೆ. ಇಪ್ಪತ್ತನಾಲ್ಕನೆಯ ಕಾಗದದಲ್ಲಿ ಹೀಗಿತ್ತು: ‘ಗುರುತಿನ ದಿನ ನೀನೇನೂ ಸುಳಿವು ಕೊಡಬೇಡ. ಸುಮ್ಮನೆ ನಿಂತಿರು. ನಾನೇ ಬಂದು ಗುರುತು ಹಿಡೀತೀನಿ.’ ಕೆಳಗೆ ಮೂರು ಚುಕ್ಕೆ. ಆ ಕಾಗದವನ್ನು ಮಡಿಸಿ ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡು ಎಲ್ಲ ಪರೀಕ್ಷೆಗೂ ಹೋದಳು. ತನ್ನಿಂದಾಗಿ ಒಬ್ಬಳ ಮನಸ್ಸು ಮೆತ್ತಗಾಗಿದೆ, ತನ್ನನ್ನು ಹುಡುಕಿಕೊಂಡು ಒಬ್ಬಳು ಬರುತ್ತಾಳೆ ಎಂಬ ಒಂದೇ ಸಂಗತಿ ಅವಳನ್ನು ಆ ಎರಡು ತಿಂಗಳು ಎತ್ತಿ ನಡೆಸಿತು. ಬೇರೆ ಯಾವ ಬಹುಮಾನವೂ ಅವಳಿಗೆ ಬೇಕಿರಲಿಲ್ಲ.

ಉಳಿದ ಏಳು ಅಜ್ಜಿಯರಿಗೆ ಏಳು ಹುಡುಗಿಯರನ್ನು ಎಲ್ಲಿಂದ ತರುವುದು? ಮತ್ತೆ ನಾಟಕ ಸಂಘಕ್ಕೆ ಹೋದಳು. ಸಂಕೋಚದಿಂದ ನಾಲಿಗೆ ತೊದಲಿತು, ಆದರೆ ಆ ಏಳು ಜನ ಅವಳು ಎಣಿಸದಷ್ಟು ಉತ್ಸಾಹ ತೋರಿಸಿದರು. ಪಾತ್ರವೆಂದರೆ ಪಾತ್ರ; ನಾಟಕದವರಿಗೆ ಅನ್ನ ಹಾಕುವುದೇ ಅದು. ಅವಳು ಏಳು ಕಾರ್ಡು ಮಾಡಿದಳು. ಒಂದೊಂದರಲ್ಲೂ ಒಬ್ಬಳ ವರ್ಷದ ಬದುಕು: ಅಕ್ಕಂದಿರೆಷ್ಟು, ಯಾವ ಕಾಲು ಮುರಿದದ್ದು, ಅಜ್ಜಿಗೆ ಏನು ಕೇಳಬೇಕು, ಏನು ಕೇಳಬಾರದು. ಗುಬ್ಬಿಯ ಕಾರ್ಡು ರಾಣಿಗೆ ಹೋಯಿತು. ಅವಳು ಎರಡು ಸಲ ಓದಿ, ಇದೆಲ್ಲ ನೀನೇ ಬರೆದ್ಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕುಂಟಿ ತೋರಿಸಿದಳು.

ಗುರುತಿನ ದಿನ ಮಧ್ಯಾಹ್ನ ಮೂರಕ್ಕೆ ವ್ಯಾನು ಬಂತು. ಸಭಾಂಗಣದಲ್ಲಿ ಎಂಟು ಕುರ್ಚಿ ಹಾಕಿ, ಎದುರಿಗೆ ಎಂಟು ಹುಡುಗಿಯರು ನಿಂತಿದ್ದರು. ಬಾಲಂಗೋಚಿ ಎಂದಿನಂತೆ ಕೊನೆಯಲ್ಲಿ. ಬೆಳಗ್ಗೆಯೇ ಬಿಲ್ಲೆಯನ್ನು ಟೂತ್‌ಪೇಸ್ಟಿನಿಂದ ಉಜ್ಜಿದ್ದಳು. ಅಜ್ಜಿಯರು ಒಬ್ಬೊಬ್ಬರಾಗಿ ಇಳಿದರು. ಊರುಗೋಲು, ವಾಕರ್, ಡ್ರೈವರನ ತೋಳು. ಅವಳು ಎಣಿಸಿದಳು. ಏಳನೆಯವಳು ಇಳಿದ ಮೇಲೆ ಡ್ರೈವರು ಬಾಗಿಲು ಮುಚ್ಚಿದ.

ಇನ್ನೊಬ್ಬರು ಹಿಂದಿನಿಂದ ಬರುತ್ತಾರೇನೋ ಎಂದು ಅವಳು ಹೋಗಿ ಅವನನ್ನು ಕೇಳಿದಳು. ಕೊಟ್ಟ ಪಟ್ಟಿಯಲ್ಲಿ ಇದ್ದವರೇ ಏಳು ಜನ ಎಂದ ಅವನು. ಮಂಜುಗಣ್ಣಿನವಳಿಗೆ ಪ್ರಯಾಣ ಆಗಲಿಲ್ಲವೇನೋ, ಯಾರಾದರೂ ಕೊನೆಗಳಿಗೆಯಲ್ಲಿ ಆಟೋದಲ್ಲಿ ಕರೆತರುತ್ತಾರೇನೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮರಳಿ ತನ್ನ ಜಾಗದಲ್ಲಿ ನಿಂತಳು. ಸುಮ್ಮನೆ ನಿಂತಿರು ಎಂದಿದ್ದಾಳಲ್ಲ.

ಸೀಟಿ ಸಿಸ್ಟರ್ ಸೀಟಿ ಊದಿದರು, ಆಟ ಶುರುವಾಯಿತು. ಶಾಲೆಯ ವೇದಿಕೆಯ ಮೇಲೆ ಆ ವರ್ಷ ನಾಟಕ ಸಂಘ ಆಡಿದ ಯಾವ ನಾಟಕವೂ ಇದರ ಹತ್ತಿರ ಬರಲಾರದು. ಮಿಂಚು ಆದವಳು ಬಾಚಣಿಗೆಯ ಜಗಳವನ್ನು ಅಭಿನಯಿಸಿ ತೋರಿಸಿದಳು. ಅಳಿಲು ಗಣಿತದ ಮಾತೆತ್ತಿದ ಕೂಡಲೇ ಅವಳ ಅಜ್ಜಿ, ಇವಳೇ, ಇವಳೇ ನನ್ನವಳು ಎಂದು ಎರಡು ಕೈಯಲ್ಲೂ ಕೆನ್ನೆ ಹಿಡಿದುಕೊಂಡಳು. ಯಾರೋ ಕಾಲುಚೀಲ ಹೆಣೆದು ತಂದಿದ್ದರು, ಯಾರೋ ತನ್ನ ಮದುವೆಯ ಫೋಟೋ. ನೋಡನೋಡುತ್ತಿದ್ದಂತೆ ಏಳೂ ಜೋಡಿ ಕೂಡಿಕೊಂಡವು. ಒಬ್ಬ ಅಜ್ಜಿ ಅಳುತ್ತಿದ್ದಳು, ಅವಳನ್ನು ತಬ್ಬಿಕೊಂಡ ಹುಡುಗಿಯ ಕಣ್ಣಲ್ಲೂ ನೀರು, ಮತ್ತು ಅದು ನಾಟಕದ ನೀರಲ್ಲವೆಂದು ಬಾಲಂಗೋಚಿಗೆ ಕಂಡಿತು.

ಎಲ್ಲ ಅವಳಂದುಕೊಂಡಂತೆಯೇ ನಡೆದಿತ್ತು, ಒಂದು ಕೂದಲೆಳೆಯೂ ಆಚೀಚೆಯಾಗಲಿಲ್ಲ. ಇನ್ನೂರಕ್ಕೂ ಹೆಚ್ಚು ಕಾಗದ ಬರೆದ ಕೈಯನ್ನು ಯಾರೂ ಹಿಡಿಯಲಿಲ್ಲ, ಅಷ್ಟೇ. ಇಷ್ಟು ಚೆನ್ನಾಗಿ ಯಾಕೆ ಬರೆದೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಗುಬ್ಬಿಯ ಮೇಲೆ, ಮಿಂಚಿನ ಮೇಲೆ ಹೊಟ್ಟೆಕಿಚ್ಚಾಯಿತು. ಹೆತ್ತ ಮಕ್ಕಳ ಮೇಲೇ ಹೊಟ್ಟೆಕಿಚ್ಚು ಪಟ್ಟ ಹಾಗಾಗಿ ನಾಚಿಕೆಯೂ ಆಯಿತು. ಎದುರಿಗೆ ಎಂಟನೆಯ ಕುರ್ಚಿ ಖಾಲಿ ಇತ್ತು. ಸಿಸ್ಟರ್ ಹತ್ತಿರ ಬಂದು, ನಿನ್ನ ಸಂಘ ಈ ವರ್ಷ ಎಲ್ಲಕ್ಕಿಂತ ಚೆನ್ನಾಗಿದೆ, ಹಿಂದೆ ತಿರುಗಿ ನೋಡು ಎಷ್ಟು ಜನ ಇದ್ದಾರೆ ಎಂದು ಭುಜ ತಟ್ಟಿ ಹೋದರು.

ಆಗ ಗುಬ್ಬಿಯ ಅಜ್ಜಿ ಎದ್ದಳು. ಎತ್ತರದ ಹೆಂಗಸು, ಬೆನ್ನು ಇನ್ನೂ ನೆಟ್ಟಗಿತ್ತು, ಕತ್ತರಿಸಿದ ಬಿಳಿಗೂದಲು. ರಾಣಿಯ ತಲೆ ನೇವರಿಸಿ, ನಿನಗೆ ಓಟದ ಅಭ್ಯಾಸ ಇರಬಹುದು ಹೋಗು ಮಗಳೇ ಎಂದು ಹೇಳಿ ಕಳಿಸಿ, ಊರುಗೋಲು ಊರುತ್ತ ಸಭಾಂಗಣದ ಉದ್ದಕ್ಕೂ ನಡೆದು ಬಂದು ಬಾಲಂಗೋಚಿಯ ಮುಂದೆ ನಿಂತಳು. ಮುಖವನ್ನು ಒಂದು ಕ್ಷಣ ನೋಡಿದಳು. ಎದುರಿಗಿದ್ದ ಎಂಟನೆಯ ಕುರ್ಚಿಯನ್ನು ಎಳೆದು ಕೂತು, ಗೋಡೆಯ ಬಳಿಯ ಇನ್ನೊಂದನ್ನು ತೋರಿಸಿದಳು.

"ನಾನೇ ಬಂದು ಗುರುತು ಹಿಡೀತೀನಿ ಅಂದಿದ್ದೆ" ಎಂದಳು.

ಹುಡುಗಿಗೆ ಅರ್ಥವಾಗಲಿಲ್ಲ. ಆ ಮಾತು ಕಂಪಾಸು ಪೆಟ್ಟಿಗೆಯಲ್ಲಿತ್ತು, ಅದನ್ನು ಹೇಳಿದವಳು ಉಪ್ಪು. ಉಪ್ಪು ಎಲ್ಲಿ ಎಂದು ಕೇಳಿದಳು.

"ಅವಳು ಹೋಗಿ ಏಳು ತಿಂಗಳಾಯ್ತು ಮಗು. ಒಂಬತ್ತು ಕಾಗದ ಅವಳು ಬರೆಸಿದ್ದು. ಆಮೇಲಿನದೆಲ್ಲ ನಾನೇ."

ಹುಡುಗಿ ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಅಜ್ಜಿ ತಡೆಯದೆ, ದನಿ ಏರಿಸದೆ ಹೇಳಿದಳು, ಲೈನು ಕಟ್ಟಾಗುವ ಮೊದಲು ವಿಷಯ ಮುಗಿಸುವವರಂತೆ. ಒಂದು ಬುಧವಾರ ಬೆಳಗ್ಗೆ ಉಪ್ಪು ಏಳಲಿಲ್ಲ. ಆ ವಾರ ಅವಳ ಉತ್ತರ ಹೋಗಲಿಲ್ಲ; ಶುಕ್ರವಾರ ಮತ್ತೆ ಚೀಲ ಬಂತು. ಒಬ್ಬರು ಹೋದರೆ ಶಾಲೆಗೆ ತಿಳಿಸುವುದು ಪದ್ಧತಿ. ತಿಳಿಸಬೇಕೆಂದೇ ಕಾಗದ ಒಡೆದಳು. ಅದರಲ್ಲಿ, ಇವತ್ತು ಬೆಕ್ಕೂ ಬರಲಿಲ್ಲ ಎಂದಿತ್ತು. ಅದಕ್ಕೆ ಉತ್ತರವಾಗಿ, ಉಪ್ಪೂ ಇಲ್ಲ ಎಂದು ಬರೆಯಲು ಕೈ ಬರಲಿಲ್ಲ. ಒಂದು ವಾರ ಕಳೆಯಲಿ ಎಂದುಕೊಂಡಳು, ಇನ್ನೊಂದು ವಾರ ಎಂದುಕೊಂಡಳು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ, ರಜೆಯ ವಾರಗಳನ್ನು ಬಿಟ್ಟು ತನ್ನದು ಇಪ್ಪತ್ತೆರಡಕ್ಕೆ ನಿಂತಿತು ಎಂದಳು. ಚುಕ್ಕೆಗಳನ್ನೂ ತಾನೇ ಇಟ್ಟದ್ದಂತೆ.

"ಯಾಕೆ ಹೇಳಲಿಲ್ಲ ನೀವು? ನಾನು ದಿನಾ..." ಎಂದಳು ಹುಡುಗಿ. ದಿನಾ ಚಾಪೆಲ್ಲಿನ ಬೆಂಚು ಒರೆಸುವಾಗ ಉಪ್ಪಿನ ಕಣ್ಣು ಸರಿಹೋಗಲೆಂದು ಬೇಡಿಕೊಳ್ಳುತ್ತಿದ್ದಳು. ಏಳು ತಿಂಗಳು ಮಣ್ಣಿನಡಿಯಲ್ಲಿದ್ದ ಕಣ್ಣಿಗಾಗಿ. ಈ ಎತ್ತರದ ಮುದುಕಿಯನ್ನು ತಳ್ಳಿಬಿಡಬೇಕು ಎನ್ನುವಷ್ಟು ಕೋಪ ಬಂತು ಅವಳಿಗೆ. ತನಗಾಗಿ ಕರಗಿದವಳು ಯಾರೂ ಇರಲಿಲ್ಲ. ಉಪ್ಪು ಕೊನೆಯವರೆಗೂ ಉಪ್ಪಾಗಿಯೇ ಇದ್ದಳು.

"ಹೇಳಬೇಕಿತ್ತು. ತಪ್ಪು ನಂದೇ" ಎಂದಳು ಅಜ್ಜಿ. "ಆದ್ರೆ ಮೂವತ್ತೆರಡು ವರ್ಷ ಎಕ್ಸ್‌ಚೇಂಜಲ್ಲಿ ಕೂತಿದ್ದವಳು ನಾನು. ಹಲೋ ಅನ್ನೋಷ್ಟರಲ್ಲಿ ಯಾರು ಅಂತ ಗೊತ್ತಾಗ್ತಿತ್ತು. ಎಲ್ಲರ ಕಾಗದಾನೂ ನಾನೇ ಓದಿ ಹೇಳೋದಲ್ವಾ. ಮೂರನೇ ವಾರಕ್ಕೇ ತಿಳೀತು, ಎಂಟು ಲೈನೂ ಒಂದೇ ಮನೆಯಿಂದ ಬರ್ತಿವೆ ಅಂತ. ಏಳರಲ್ಲಿ ಗದ್ದಲವೋ ಗದ್ದಲ. ಎಂಟನೇದರಲ್ಲಿ ಮಾತ್ರ ಆ ಮನೆಯಲ್ಲಿ ಯಾರಿದ್ದಾರೆ ಅನ್ನೋದು ಕೇಳಿಸ್ತಿತ್ತು. ಆ ಲೈನನ್ನ ನಾನು ಹೇಗೆ ಕಟ್ ಮಾಡಲಿ ಹೇಳು."

ಹುಡುಗಿ ಅತ್ತ ತಿರುಗಿದಳು. ಆಚೆ ಆರು ಅಜ್ಜಿಯರು ಆರು ಹುಡುಗಿಯರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೂ ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ, ಗೊತ್ತಾಗುವುದೂ ಬೇಡ, ಅವರಿಗೆ ಅವರವರ ಹುಡುಗಿಯರು ಸಿಕ್ಕಿದ್ದಾರೆ, ಸಿಕ್ಕಿದವರು ಸಿಕ್ಕಂತೆಯೇ ಇರಲಿ ಎಂದಳು ಅಜ್ಜಿ. ಆಮೇಲೆ ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು. ಇದು ಹತ್ತನೆಯದು, ಅವಳೇ ಹೇಳಿ ಬರೆಸಿದ್ದು, ಚುಕ್ಕೆ ನಾಳೆ ಇಡ್ತೀನಿ ಅಂದು ಮಲಗಿದಳು ಎಂದಳು. ಅವಳ ಕೈ ಒಣಗಿತ್ತು, ಬೆಚ್ಚಗಿತ್ತು. ಹುಡುಗಿ ತನ್ನ ಕೈಯನ್ನು ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಸೀಟಿ ಕೇಳಿಸಿತು. ಈಗ ದೀಪ ದಾಟಿಸುವ ಹೊತ್ತು: ಹದಿನಾಲ್ಕು ಸಂಘದ ಅಧ್ಯಕ್ಷೆಯರು ಚಾಪೆಲ್ಲಿನ ಮೇಣದ ಬತ್ತಿಯಿಂದ ಒಂದೊಂದು ಬತ್ತಿ ಹಚ್ಚಿಕೊಂಡು ಮುಂದಿನ ವರ್ಷದವಳ ಕೈಗೆ ಕೊಡಬೇಕು, ಬಿಲ್ಲೆಯನ್ನೂ. ಬಾಲಂಗೋಚಿ ಬತ್ತಿ ಹಿಡಿದು ಚಾಪೆಲ್ಲಿನ ಮೆಟ್ಟಿಲ ಮೇಲೆ ತನ್ನ ಹದಿನಾಲ್ಕನೆಯ ಜಾಗದಲ್ಲಿ ನಿಂತಳು. ಗಾಯನ ಸಂಘದ್ದು ದಾಟಿತು, ಚರ್ಚಾ ಸಂಘದ್ದು ದಾಟಿತು. ನನ್ನ ಹಿಂದೆ ಯಾರೂ ಇಲ್ಲ ಸಿಸ್ಟರ್, ಇದ್ದುದು ನಾನೊಬ್ಬಳೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಎದೆ ಹಗುರಾಗುತ್ತಿತ್ತು. ಆದರೆ ಮೊದಲ ಸಾಲಿನಲ್ಲಿ ಅಜ್ಜಿಯರು ಕೂತಿದ್ದರು. ಅಳಿಲಿನ ಅಜ್ಜಿ ಅಳಿಲಿನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ನುಂಗಿಕೊಂಡಳು. ವರ್ಷವಿಡೀ ಹೇಳಿದ ಸುಳ್ಳುಗಳೆಲ್ಲ ಸುಲಭವಾಗಿದ್ದವು, ಈ ಒಂದು ಸಲ ಬಾಯಿ ಮುಚ್ಚಿಕೊಂಡದ್ದೇ ಕಷ್ಟವಾಯಿತು.

ಕಾಗದ ಸಂಘದ ಹೆಸರು ಕರೆದಾಗ ರಾಣಿಯೇ ಮುಂದೆ ಬಂದಳು. ಅವಳದು ಒಂಬತ್ತನೇ ಕ್ಲಾಸು, ಇನ್ನೊಂದು ವರ್ಷ ಇಲ್ಲೇ ಇರುವವಳು. ಬತ್ತಿ ತೆಗೆದುಕೊಳ್ಳುತ್ತ, "ಕೊಡು ಇಲ್ಲಿ, ಸುಮ್ನೆ ನಿಂತ್ರೆ ಸಿಸ್ಟರ್ ಕೇಳ್ತಾರೆ. ಈ ಸಂಘದಲ್ಲಿ ಏನ್ ಮಾಡ್ಬೇಕು ಅಂತ ಆಮೇಲೆ ಹೇಳ್ಕೊಡು" ಎಂದು ತುಟಿ ಅಲುಗಿಸದೆ ಪಿಸುಗುಟ್ಟಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಲ್ಲೆ ತೆಗೆದ ಜಾಗದಲ್ಲಿ ಅಂಗಿಯ ಮೇಲೆ ಎರಡು ಸಣ್ಣ ತೂತು ಉಳಿದವು.

ವ್ಯಾನು ಹೊರಡುವಾಗ ಟ್ರಂಕ್ ಕಾಲ್ ಅಜ್ಜಿ ಕಿಟಕಿಯಿಂದ ಕೈ ಬೀಸಲಿಲ್ಲ. ಸುಮ್ಮನೆ ನೋಡಿದಳು, ಇವಳೂ ನೋಡಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಪ್ಪ ಗಾಡಿಯ ಮೇಲೆ, ಅಮ್ಮ ಡ್ಯೂಟಿಯಲ್ಲಿ. ಶೂ ಬಿಚ್ಚದೆಯೇ ಅಡುಗೆಮನೆಯ ಮೇಜಿಗೆ ಕೂತು ಕಾಗದ ಬಿಡಿಸಿದಳು. ಟ್ರಂಕ್ ಕಾಲಿನ ಅದೇ ನೆಟ್ಟನೆಯ ಅಕ್ಷರ, ನಾಲ್ಕೇ ಸಾಲು.

‘ಬಾಲಂಗೋಚಿ, ಈ ವಾರಾನೂ ನಿನ್ನ ಕಾಗದದಲ್ಲಿ ಏನೂ ಇಲ್ಲ. ಟ್ಯಾಂಕು, ಮೆಟ್ಟಿಲು, ಬೆಕ್ಕು. ನನ್ನ ದಿನದಲ್ಲೂ ಏನೂ ಇರಲ್ಲ. ಇಬ್ಬರದೂ ಸೇರಿಸಿದ್ರೆ ಹೇಗೋ ಒಂದು ವಾರ ಆಗುತ್ತೆ. ಬರೀತಾ ಇರು.’

ಕೆಳಗೆ ಚುಕ್ಕೆಗಳ ಜಾಗ ಖಾಲಿ. ಅವಳು ಬೆರಳು ಮಡಿಸಿ ಎಣಿಸಿದಳು: ಮೊದಲನೆಯದು ಉಪ್ಪಿನದು, ಐದನೆಯದು, ಆ ಗಾಳಿಪಟದ್ದು, ಅದೂ ಉಪ್ಪಿನದೇ. ಇಪ್ಪತ್ತನಾಲ್ಕನೆಯದು ಅಲ್ಲ. ಆದರೆ ಅದರಲ್ಲಿ ಹೇಳಿದಂತೆಯೇ ಅದನ್ನು ಬರೆದವಳು ಬಂದಿದ್ದಳು, ಸಭಾಂಗಣದ ಉದ್ದಕ್ಕೂ ನಡೆದು. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಅಳು ಬಂತು, ಉಪ್ಪಿಗಾಗಿ, ಏಳು ತಿಂಗಳು ತಡವಾಗಿ. ಬಾಯಿಗೆ ಏನನ್ನೂ ಒತ್ತಿಕೊಳ್ಳಬೇಕಿರಲಿಲ್ಲ, ಕೇಳುವವರು ಯಾರೂ ಮನೆಯಲ್ಲಿರಲಿಲ್ಲ.

ಮುಖ ತೊಳೆದು ಬಂದಾಗ ಸಕ್ಕರೆ ಡಬ್ಬಿಯ ಕೆಳಗಿನ ಚೀಟಿ ಕಂಡಿತು. ‘ಊಟ ಮುಚ್ಚಿಟ್ಟಿದ್ದೀನಿ. ಇವತ್ತು ನಿಮ್ಮ ಅಜ್ಜಿಯರ ದಿನ ಅಲ್ವಾ, ಹೇಗಾಯ್ತು?’ ಪೆನ್ನು ತೆಗೆದು, ಎಂ‌ದಿನ ಕೈಯ ಎಂದಿನ ಓಟದಲ್ಲಿ, ‘ಊಟ ಆಯ್ತು. ಎಲ್ಲ ಸರಿಯಿದೆ’ ಎಂದು ಬರೆದುಬಿಟ್ಟಳು. ಊಟ ಇನ್ನೂ ಮುಚ್ಚಿದ್ದ ಹಾಗೆಯೇ ಇತ್ತು.

ಎರಡು ಸಾಲನ್ನೂ ಹೊಡೆದುಹಾಕಿ, ಅದರ ಕೆಳಗೆ ತನ್ನ ಅಕ್ಷರದಲ್ಲಿ ನಿಧಾನವಾಗಿ ಬರೆದಳು: ‘ಅಮ್ಮಾ, ಎಷ್ಟು ಹೊತ್ತಾದರೂ ಸರಿ, ಬಂದ ಕೂಡಲೇ ನನ್ನ ಎಬ್ಬಿಸು.’